ಬೆಲೆ ಏರಿತು, ಒಲವು ಉಳಿಯಿತೇ?

ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಮತ್ತು ಮೈಸೂರಿನ ಜಾವಾ ಬೈಕು, ಎರಡರ ತಯಾರಿಕೆಯೂ 1961ರಲ್ಲಿ ಆರಂಭವಾಯಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಎಚ್‌ಎಂಟಿ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಪೂರೈಕೆ ನಿಂತ ಸರಕಿಗೆ ಬೇಡಿಕೆ ಹೆಚ್ಚಿದರೆ ಬೆಲೆ ಏರುವುದು ಅರ್ಥಶಾಸ್ತ್ರದ ಮೊದಲ ಪಾಠ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಬೆಲೆ ಏರಿದೊಡನೆ ಗಡಿಯಾರ ಮಣಿಕಟ್ಟಿನಿಂದ ಲಾಕರಿಗೂ ಬೈಕು ರಸ್ತೆಯಿಂದ ಶೆಡ್ಡಿಗೂ ಸರಿಯುತ್ತವೆ. ಕೀ ಕೊಡದ ಗಡಿಯಾರದೊಳಗೆ ಎಣ್ಣೆ ಗಟ್ಟಿಯಾಗುತ್ತದೆ. ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತ ಬೈಕಿಗೆ ತುಕ್ಕು ಹಿಡಿಯಲು ಒಂದೆರಡು ಮಳೆಗಾಲ ಸಾಕು. ಹೂಡಿಕೆಯೆಂದು ಬಚ್ಚಿಟ್ಟ ವಸ್ತು ಹೀಗೆ ಒಳಗೊಳಗೇ ಸಾಯುತ್ತದೆ.

ನಮ್ಮ ಜಿಲ್ಲೆಯ ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಸಾರ್ವಜನಿಕರೂ ನೋಡಬಹುದು. ಒಲವಿನ ಸಂಗ್ರಹ ಹಾಗಿರಬೇಕು.

50 ವರ್ಷ ಮೀರಿದ, ಮೂಲಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮ ಪ್ರತ್ಯೇಕ ನೋಂದಣಿ ಕಲ್ಪಿಸಿತು. ನಿಯಮ ವಾಹನಗಳನ್ನು ಉಳಿಸೀತು. ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಕೈಗಳನ್ನಲ್ಲ. ಹಳೆಯ ಮೆಕ್ಯಾನಿಕ್ಕನ, ಗಡಿಯಾರ ರಿಪೇರಿಯವನ ವಿದ್ಯೆ ಕಲಿಯುವ ಹುಡುಗರಿಗೆ ಸಂಗ್ರಹಕಾರರು ಕೂಲಿ ಕೊಡಲಿ. ಅವರಿಲ್ಲದೆ ನಾಳೆ ನಮ್ಮಲ್ಲಿ ಉಳಿಯುವುದು ದುಬಾರಿ ಗುಜರಿ ಮಾತ್ರ.