ಆಹ್ವಾನ ಪತ್ರಿಕೆ ಬೇರೆ, ಪೋಸ್ಟರ್ ಬೇರೆ!

ಒಂದು ಕಾಲದಲ್ಲಿ ‘ಧ್ವನಿಸುರುಳಿ ಬಿಡುಗಡೆ’ ಅಂದ್ರೆ ದೊಡ್ಡ ಕಂಪನಿಗಳ ಕೆಲಸ. ಈಗ ಹಾಗಿಲ್ಲ. ಭಾವಗೀತೆ, ದಾಸರ ಪದ, ಜನಪದ, ರ್‍ಯಾಪ್ ಹೀಗೆ ಯಾವುದೇ ಇರಲಿ, ಸ್ವಂತ ದುಡ್ಡು ಹಾಕಿ ಆಲ್ಬಂ ತರುವವರು ಊರೂರಲ್ಲೂ ಇದ್ದಾರೆ. ಸ್ಟುಡಿಯೋ ಬಾಡಿಗೆ, ತಬಲಾ, ಕೊಳಲು, ಮಿಕ್ಸಿಂಗ್ ಅಂತ ವರ್ಷಗಳ ಉಳಿತಾಯ ಕರಗಿರುತ್ತೆ. ಆದರೆ ಪೋಸ್ಟರ್ ಸರದಿ ಬಂದಾಗ ಮಾತ್ರ ‘ಯಾರಾದ್ರೂ ಹುಡುಗನ ಕೈಲಿ ಮಾಡಿಸಿದ್ರಾಯ್ತು ಬಿಡಿ’ ಅಂತ ಒಂದೇ ಸಂಜೆಯಲ್ಲಿ ಮುಗಿಸಿಬಿಡ್ತೀವಿ.

ಆ ಪೋಸ್ಟರ್ ಹೇಗಿರುತ್ತೆ ಅನ್ನೋದು ನಿಮಗೂ ಗೊತ್ತು. ಮೇಲೆ ದೇವರ ಚಿತ್ರ, ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಪ್ರಾಯೋಜಕರು. ಒಟ್ಟು ಹನ್ನೆರಡು ಮುಖ. ಹಾಡಿದವರ ಮುಖ ಮೂಲೆಯಲ್ಲಿ ಕಡಲೆಕಾಳಿನಷ್ಟು! ಹಾಡು ಎಲ್ಲಿ ಕೇಳಬೇಕು ಅನ್ನೋದು ಎಲ್ಲೂ ಇಲ್ಲ. ಬಂಧುಗಳು ‘ಶುಭವಾಗಲಿ’ ಅಂತ ಕೈಮುಗಿದು ಮುಂದಕ್ಕೆ ಹೋಗ್ತಾರೆ. ಗುರುತಿಲ್ಲದವರು ನಿಂತು ನೋಡುವುದೇ ಇಲ್ಲ.

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳು ಕಲಸಿಹೋಗಿವೆ. ಆಹ್ವಾನ ಪತ್ರಿಕೆ ಇರುವುದು ಹಿರಿಯರಿಗೆ, ಅತಿಥಿಗಳಿಗೆ ಗೌರವ ಸಲ್ಲಿಸಲು. ಪೋಸ್ಟರ್ ಇರುವುದು ನಿಮ್ಮ ಪರಿಚಯವೇ ಇಲ್ಲದವರನ್ನು ಹಾಡಿನ ಹತ್ತಿರ ಕರೆತರಲು. ಎರಡನ್ನೂ ಬೇರೆ ಬೇರೆ ಮಾಡಿಸಿ. ಯಾರಿಗೂ ಬೇಜಾರಾಗುವುದಿಲ್ಲ, ಹಾಡಿಗೂ ಅನ್ಯಾಯವಾಗುವುದಿಲ್ಲ.

ಒಂದು ಚಿತ್ರ, ಒಂದು ಹೆಸರು

ಅಮೆರಿಕದಲ್ಲಿ ಒಂದು ಕಾಲಕ್ಕೆ ಗ್ರಾಮಫೋನ್ ತಟ್ಟೆಗಳು ಸಾದಾ ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. 1940ರ ಹೊತ್ತಿಗೆ ಕೊಲಂಬಿಯಾ ಕಂಪನಿಯ ಯುವ ಕಲಾವಿದ ಅಲೆಕ್ಸ್ ಸ್ಟೈನ್‌ವೈಸ್ ಅದಕ್ಕೆ ಚಿತ್ರದ ಮುಖಪುಟ ಕೊಟ್ಟರು. ನಾಟಕ ಮಂದಿರದ ಮುಂದಿನ ದೀಪಗಳ ಬೋರ್ಡಿನಲ್ಲಿ ಆಲ್ಬಂ ಹೆಸರು ಬರೆಸಿ ಫೋಟೋ ತೆಗೆಸಿದರು. ಅಂದಿನಿಂದ ಹಾಡು ಕೇಳುವುದಕ್ಕಿಂತ ಮೊದಲು ಕಣ್ಣಿಗೆ ಬೀಳತೊಡಗಿತು.

1967ರಲ್ಲಿ ಬಾಬ್ ಡಿಲನ್ ಅವರ ಆಲ್ಬಂ ಜೊತೆ ಮಡಚಿಟ್ಟು ಕೊಟ್ಟ ಪೋಸ್ಟರ್ ಇನ್ನೂ ಸರಳ. ಅದನ್ನು ರಚಿಸಿದವರು ಮಿಲ್ಟನ್ ಗ್ಲೇಸರ್. ಪಕ್ಕದಿಂದ ಕಂಡ ಮುಖದ ಕಪ್ಪು ನೆರಳು, ಬಣ್ಣಬಣ್ಣದ ಗುಂಗುರು ಕೂದಲು, ಕೆಳಗೆ ‘ಡಿಲನ್’ ಎಂಬ ಒಂದೇ ಪದ. ಅಷ್ಟೇ. ಲಕ್ಷಗಟ್ಟಲೆ ಮನೆಗಳ ಗೋಡೆ ಏರಿತು.

ಹಾಗಂತ ದೊಡ್ಡವರು ಮಾಡಿದ್ದೆಲ್ಲ ನಮಗೆ ಒಗ್ಗುವುದಿಲ್ಲ. ಬೀಟಲ್ಸ್ ತಂಡದ 1969ರ ‘ಆಬಿ ರೋಡ್’ ಮುಖಪುಟದ ಮುಂಭಾಗದಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ನಾಲ್ವರು ರಸ್ತೆ ದಾಟುವ ಫೋಟೋ ಮಾತ್ರ. ಜಗತ್ತಿಗೇ ಗೊತ್ತಿದ್ದವರು, ನಡೆಯಿತು. ಹೊಸಬರು ಹೆಸರನ್ನು ಢಾಳಾಗಿ ಹಾಕಲೇಬೇಕು.

ಕವಿಯ ಹೆಸರು ಮರೆಯಬೇಡಿ

1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು. ನಮ್ಮ ಸುಗಮ ಸಂಗೀತದಲ್ಲಿ ‘ಯಾರ ಕವಿತೆ?’ ಅನ್ನೋದೇ ಕೇಳುಗರ ಮೊದಲ ಪ್ರಶ್ನೆ. ಆದ್ದರಿಂದ ಗಾಯಕರ ಹೆಸರಿನ ಪಕ್ಕದಲ್ಲೇ ಕವಿ ಮತ್ತು ಸಂಗೀತ ಸಂಯೋಜಕರ ಹೆಸರಿರಲಿ. ಕವಿ ತೀರಿಕೊಂಡ ನಂತರವೂ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರಿಗೆ ಇರುತ್ತೆ, ಅನುಮತಿ ಪಡೆಯಿರಿ. ಗೂಗಲ್‌ನಲ್ಲಿ ಸಿಕ್ಕ ಚಿತ್ರಕ್ಕೂ ಒಬ್ಬ ಒಡೆಯ ಇರ್ತಾನೆ ಅನ್ನೋದು ನೆನಪಿರಲಿ.

ಕನ್ನಡ ಅಕ್ಷರಕ್ಕೆ ಉಸಿರಾಡಲು ಜಾಗ ಕೊಡಿ

ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ. ಇಂಗ್ಲಿಷ್‌ನ ಹಾಗೆ ಸಾಲುಗಳನ್ನು ಒತ್ತೊತ್ತಾಗಿ ಇಟ್ರೆ ಒಂದಕ್ಕೊಂದು ತಾಗಿ ಓದಲಾಗುವುದಿಲ್ಲ. ಸಾಲಿನ ನಡುವೆ ಧಾರಾಳ ಅಂತರ ಬಿಡಿ. ಅಲಂಕಾರದ ಅಕ್ಷರ ಹೆಸರಿಗೊಂದಕ್ಕೆ ಸಾಕು, ಉಳಿದದ್ದು ಸಾದಾ ಇರಲಿ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ಕಾಣಬಹುದು. ಹಾಗಾಗಿ ಪ್ರೆಸ್ಸಿಗೆ ಪಿಡಿಎಫ್ ಕೊಡಿ, ಅಚ್ಚಿಗೆ ಹೋಗುವ ಮುನ್ನ ಒಂದು ಪ್ರತಿ ತೆಗೆಸಿ ‘ಕ್ಷ’, ‘ಜ್ಞ’, ‘ರ್ಯ’ ಇರುವ ಪದಗಳನ್ನೆಲ್ಲ ಬೆರಳಿಟ್ಟು ಓದಿ.

ಗೋಡೆಗೊಂದು, ಮೊಬೈಲಿಗೊಂದು

ಎಲ್‌ಪಿ ತಟ್ಟೆಯ ಮುಖಪುಟ 12 ಇಂಚು ಅಗಲವಿತ್ತು. ಕ್ಯಾಸೆಟ್ ಬಂದಾಗ ಅದು ಅಂಗೈಗೆ ಇಳಿಯಿತು. ಈಗ ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು! ಅಷ್ಟು ಚಿಕ್ಕದಾದಾಗಲೂ ಹೆಸರು ಕಾಣುತ್ತಾ ನೋಡಿ. ಹಾಡಿನ ಆ್ಯಪ್‌ಗಳಿಗೆ ಚೌಕಾಕಾರದ ಚಿತ್ರ ಬೇಕು. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಉದ್ದನೆಯದು, 1080 × 1920 ಪಿಕ್ಸೆಲ್. ಗೋಡೆಗೆ ಎ3 ಹಾಳೆ ಸಾಕು, ಆದರೆ 300 ಡಿಪಿಐ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದನ್ನು ಪ್ರಿಂಟಿಗೆ ಕೊಡಬೇಡಿ, ಗುಣಮಟ್ಟ ಇಳಿದಿರುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಪರದೆಯಲ್ಲಿ ಮಿಂಚುವ ಗಿಳಿಹಸಿರು, ಕಡುನೀಲಿ ಕಾಗದದ ಮೇಲೆ ಮಂಕಾಗುತ್ತವೆ ಅನ್ನೋದೂ ಗಮನದಲ್ಲಿರಲಿ.

ಕ್ಯೂಆರ್ ಕೋಡ್ ಹಾಕುವುದಾದರೆ ಒಂದು ಲೆಕ್ಕ ಇದೆ. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತನೇ ಒಂದು ಭಾಗ ಅಗಲವಿರಲಿ. ಒಂದು ಮೀಟರ್ ದೂರಕ್ಕೆ 10 ಸೆಂಟಿಮೀಟರ್. ಮೊಬೈಲಿಗೆ ಕಳಿಸುವ ಚಿತ್ರದಲ್ಲಿ ಮಾತ್ರ ಅದರ ಬದಲು ಕೆಳಗೆ ಲಿಂಕ್ ಕೊಡಿ. ಕೈಯಲ್ಲಿರುವ ಫೋನನ್ನು ಅದೇ ಫೋನಿಂದ ಸ್ಕ್ಯಾನ್ ಮಾಡೋದು ಹೇಗೆ?

ಮೂರು ಸೆಕೆಂಡಿನ ಪರೀಕ್ಷೆ

ಎಲ್ಲ ಆದ ಮೇಲೆ ಪಕ್ಕದ ಮನೆಯವರಿಗೋ ಅಂಗಡಿಯವರಿಗೋ ಪೋಸ್ಟರನ್ನು ಮೂರೇ ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ಮೂರು ಪ್ರಶ್ನೆ ಕೇಳಿ: ಎಂಥಾ ಹಾಡು? ಯಾರು ಹಾಡಿದ್ದು? ಎಲ್ಲಿ ಕೇಳಬಹುದು? ಮೂರಕ್ಕೂ ಉತ್ತರ ಬಂದರೆ ಪ್ರೆಸ್ಸಿಗೆ ಹೋಗಿ. ಬರದಿದ್ದರೆ ಪೋಸ್ಟರಿನಿಂದ ಇನ್ನೇನನ್ನು ತೆಗೆಯಬಹುದು ನೋಡಿ. ಹೊಸದೇನನ್ನೂ ಸೇರಿಸಲು ಹೋಗಬೇಡಿ.