ಸುರಿಯುವ ಕೈಗೂ ಗೊತ್ತಿರಬೇಕಾದ ಲೆಕ್ಕ



ಕತೆ-ಕವನಗಳ ನಡುವೆ ಈ ಸಲ ಸ್ವಲ್ಪ ವಿಜ್ಞಾನಕ್ಕೂ ಜಾಗ ಮಾಡಿಕೊಳ್ಳೋಣ. ಪರಮಾಣು ಅಪಘಾತವೆಂದರೆ ನಮಗೆಲ್ಲ ನೆನಪಾಗುವುದು ಚೆರ್ನೋಬಿಲ್, ಫುಕುಷಿಮಾ. ಆದರೆ ರಿಯಾಕ್ಟರೇ ಇಲ್ಲದ ಕಡೆ, ಇಂಧನ ತಯಾರಿಸುವ ಕಾರ್ಖಾನೆಯ ಪಾತ್ರೆಯೊಂದರಲ್ಲೂ ಸರಣಿಕ್ರಿಯೆ ಹೊತ್ತಿಕೊಳ್ಳಬಹುದು. ಇದನ್ನು ‘ಕ್ರಿಟಿಕಾಲಿಟಿ’ ಅಪಘಾತ ಎನ್ನುತ್ತಾರೆ.

ಒಲೆಯ ಕೆಂಡಗಳನ್ನು ನೆನೆಯಿರಿ. ಗುಡ್ಡೆ ಮಾಡಿದರೆ ಧಗಧಗಿಸುತ್ತವೆ, ಕೆದರಿ ಹರಡಿದರೆ ನಂದುತ್ತವೆ. ಯುರೇನಿಯಮ್ಮಿನದೂ ಸರಿಸುಮಾರು ಇದೇ ಸ್ವಭಾವ. ಒಂದು ಪರಮಾಣು ಒಡೆದಾಗ ಎರಡು-ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆ. ಅವು ಪಾತ್ರೆಯಿಂದಾಚೆ ತಪ್ಪಿಸಿಕೊಂಡರೆ ಚಿಂತೆಯಿಲ್ಲ. ಒಳಗೇ ಉಳಿದು ಇನ್ನಷ್ಟು ಪರಮಾಣುಗಳನ್ನು ಒಡೆದರೆ ಸರಣಿ ತಾನಾಗಿಯೇ ಮುಂದುವರಿಯುತ್ತದೆ. ಹಾಗಾಗಿ ತೂಕದಷ್ಟೇ ಪಾತ್ರೆಯ ಆಕಾರವೂ ಮುಖ್ಯ. ಸಪೂರ ಕೊಳವೆಯಲ್ಲಿ ನಿರಪಾಯವಾಗಿದ್ದ ದ್ರಾವಣ ಅಗಲವಾದ ತೊಟ್ಟಿಗೆ ಬಿದ್ದರೆ ಪ್ರಾಣಾಂತಕವಾಗಬಹುದು. ಒಂದು ವ್ಯತ್ಯಾಸವೂ ಉಂಟು: ಕೆಂಡವನ್ನು ನೀರು ಆರಿಸುತ್ತದೆ, ಇಲ್ಲಿ ನೀರು ನ್ಯೂಟ್ರಾನುಗಳ ವೇಗ ತಗ್ಗಿಸಿ ಸರಣಿಗೆ ಸಹಾಯವನ್ನೇ ಮಾಡುತ್ತದೆ.

1964ರ ಜುಲೈ 24ರಂದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವುಡ್ ರಿವರ್ ಜಂಕ್ಷನ್ನಿನಲ್ಲಿ ಕಾರ್ಮಿಕನೊಬ್ಬ ಸಪೂರ ಬಾಟಲಿಯ ದ್ರಾವಣವನ್ನು ಸುಮಾರು 45 ಸೆಂ.ಮೀ. ಅಗಲದ ತೊಟ್ಟಿಗೆ ಸುರಿದ. ಯುರೇನಿಯಮ್ ಅಂಶ ತೀರ ಕಡಿಮೆಯಿದೆ ಎಂದು ಅವನೆಣಿಸಿದ್ದ. ಬಾಟಲಿಯಲ್ಲಿದ್ದದ್ದು ಸಾಂದ್ರ ದ್ರಾವಣ. 49 ಗಂಟೆಗಳ ನಂತರ ತೀರಿಕೊಂಡ.

ಮೂವತ್ತೈದು ವರ್ಷಗಳಾದ ಮೇಲೆ, 1999ರ ಸೆಪ್ಟೆಂಬರ್ 30ರಂದು, ಜಪಾನಿನ ತೊಕಾಯಿಮುರಾದಲ್ಲಿ ಕಾರ್ಮಿಕರು ಬಕೆಟ್ಟು, ಆಲಿಕೆ ಹಿಡಿದು ಯುರೇನಿಯಮ್ ದ್ರಾವಣವನ್ನು ತೊಟ್ಟಿಯೊಂದಕ್ಕೆ ಸುರಿಯುತ್ತಿದ್ದರು. ಮಿತಿ 2.4 ಕಿಲೋ, ಒಳಗೆ ಸೇರಿದ್ದು ಸುಮಾರು 16 ಕಿಲೋ. ತೊಟ್ಟಿಯ ಅಗಲ ಮತ್ತೆ ಅದೇ 45 ಸೆಂ.ಮೀ.! ತೊಟ್ಟಿಯ ಸುತ್ತಲಿನ ತಣ್ಣೀರಿನ ಕವಚ ನ್ಯೂಟ್ರಾನುಗಳನ್ನು ಒಳಕ್ಕೇ ತಿರುಗಿಸುತ್ತಿತ್ತು. ಆ ನೀರನ್ನು ಹೊರಹಾಕುವವರೆಗೆ, ಸುಮಾರು 20 ಗಂಟೆ, ಸರಣಿ ನಿಲ್ಲಲಿಲ್ಲ. ಮೂವರಲ್ಲಿ ಇಬ್ಬರು ಮುಂದಿನ ತಿಂಗಳುಗಳಲ್ಲಿ ಅಸುನೀಗಿದರು.

ಮೊದಲ ಅಪಘಾತವೇನೂ ಗುಟ್ಟಾಗಿರಲಿಲ್ಲ, ತಜ್ಞರೆಲ್ಲ ಓದಿದ್ದರು. ಆದರೆ ತೊಕಾಯಿಮುರಾದ ಆ ಕಾರ್ಮಿಕರಿಗೆ ಕ್ರಿಟಿಕಾಲಿಟಿಯ ಬಗ್ಗೆ ಸರಿಯಾದ ತರಬೇತಿಯೇ ಸಿಕ್ಕಿರಲಿಲ್ಲ. ಬಕೆಟ್ ಬಳಕೆಗೆ ಸರಕಾರದ ಅನುಮತಿಯೂ ಇರಲಿಲ್ಲ.

ಆ ಬಳಿಕ ಉದ್ಯಮ ಕಣ್ತೆರೆಯಿತು. 1999ರ ಡಿಸೆಂಬರಿನಲ್ಲೇ ಜಪಾನಿನ ಪರಮಾಣು ಕಂಪನಿಗಳು ‘ಎನ್‌ಎಸ್‌ನೆಟ್’ ಎಂಬ ಕೂಟ ಕಟ್ಟಿಕೊಂಡು ಒಬ್ಬರ ಕಾರ್ಖಾನೆಯನ್ನು ಇನ್ನೊಬ್ಬರು ತಪಾಸಣೆ ಮಾಡತೊಡಗಿದರು. 2000ದಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ರಷ್ಯದ ತಜ್ಞರ ಜತೆಗೂಡಿ 60 ಕ್ರಿಟಿಕಾಲಿಟಿ ಅಪಘಾತಗಳ ಸಮೀಕ್ಷೆ ಪ್ರಕಟಿಸಿತು. ಅವುಗಳಲ್ಲಿ 22 ಕಾರ್ಖಾನೆಗಳಲ್ಲಿ ಆದಂಥವು. ಒಂದನ್ನುಳಿದು ಎಲ್ಲವೂ ದ್ರವ ಅಥವಾ ಕೆಸರಿನಂಥ ರೂಪದಲ್ಲಿದ್ದ ವಸ್ತುವಿನಿಂದ. ಈ 22ರಲ್ಲಿ 13 ರಷ್ಯದವು, ಹೆಚ್ಚಿನವು ಶೀತಲ ಸಮರದ ಕಾಲದಲ್ಲಿ ಮುಚ್ಚಿಟ್ಟಂಥವು. ಸುರಕ್ಷತೆಯ ಲೆಕ್ಕ ಹಾಕುವ ತಂತ್ರಾಂಶಗಳನ್ನು ಒರೆಗೆ ಹಚ್ಚಲು ಹಲವು ದೇಶಗಳು ತಮ್ಮ ಪ್ರಯೋಗಗಳ ಅಂಕಿಅಂಶಗಳನ್ನು ಹಂಚಿಕೊಳ್ಳುತ್ತಲೂ ಇವೆ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದರ ಬೆಲೆ ಗೊತ್ತು. ನಿಜವಾದ ಅಳತೆಯ ಜತೆ ತಾಳೆ ನೋಡದ ಪ್ರೋಗ್ರಾಮಿನ ಉತ್ತರವನ್ನು ನಂಬುವುದು ಹೇಗೆ?

ಇವರೆಲ್ಲ ಒಪ್ಪಿಕೊಂಡಿರುವ ಸೂತ್ರವೊಂದಿದೆ: ಒಂದೇ ಎಡವಟ್ಟಿನಿಂದ ಅಪಘಾತವಾಗಕೂಡದು, ಒಂದಕ್ಕೊಂದು ಸಂಬಂಧವಿಲ್ಲದ, ಅಪರೂಪದ ಎರಡು ಎಡವಟ್ಟುಗಳಾದರೂ ಒಟ್ಟಿಗೇ ಆಗಬೇಕು, ಅಂಥ ಏರ್ಪಾಡಿರಲಿ.

ಸೂತ್ರ ಸರಳ. ಅದನ್ನು ತಜ್ಞರ ಭಾಷೆಯಿಂದ ಬಕೆಟ್ ಹಿಡಿದವನ ಭಾಷೆಗೆ ತರುವುದೇ ಕಷ್ಟ. ಅನುವಾದದ ಪಾಡು ನಮ್ಮ ಬಳಗಕ್ಕೆ ಹೊಸದೇನಲ್ಲ. ಅಲ್ಲಿ ಮಾತ್ರ ಅದು ಎಡವಿದರೆ ಪ್ರಾಣವೇ ಹೋಗುತ್ತದೆ.