ಲೌಡ್‌ಸ್ಪೀಕರ್, ಕಾಗದದ ಲೋಟ, ಒಂದು ಸ್ಟ್ರಾ

ಅಮೆರಿಕದ ಭೌತವಿಜ್ಞಾನಿ ಸೈಮನ್ ಫೋನರ್ 1959ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ಚಿತ್ರ ನೋಡಿದವರಿಗೆ ಖುಷಿಯಾಗದೆ ಇರದು. ಮೇಲೆ ಒಂದು ಲೌಡ್‌ಸ್ಪೀಕರ್. ಅದಕ್ಕೆ ಜೋಡಿಸಿದ, ಶಂಕುವಿನಾಕಾರದ ಕಾಗದದ ಲೋಟ. ಲೋಟದಿಂದ ಇಳಿಬಿದ್ದಿರುವುದು ಪಾನೀಯ ಹೀರುವ ಸ್ಟ್ರಾ. ಅದರ ತುದಿಯಲ್ಲಿ, ದೊಡ್ಡ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ, ಪರೀಕ್ಷಿಸಬೇಕಾದ ವಸ್ತುವಿನ ಚೂರು. ಇಂದು ಕಾಂತೀಯ ವಸ್ತುಗಳ ಪ್ರಯೋಗಾಲಯಗಳಲ್ಲಿ ಮಾಮೂಲಾಗಿರುವ ವಿಎಸ್‌ಎಂ, ಅಂದರೆ ‘ಕಂಪಿಸುವ ಮಾದರಿಯ ಕಾಂತಮಾಪಕ’, ಲೋಕಕ್ಕೆ ಪರಿಚಯವಾದದ್ದು ಹೀಗೆ.

ಇದರ ತತ್ತ್ವ ಹಳೆಯದು. ಸುರುಳಿಯ ಬಳಿ ಅಯಸ್ಕಾಂತ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಫೋನರ್ ಚೂರನ್ನು ಸೆಕೆಂಡಿಗೆ ಹತ್ತಾರು ಸಲ ಕುಣಿಸಿ, ಪಕ್ಕದ ಸುರುಳಿಗಳಲ್ಲಿ ಹುಟ್ಟುವ ಸಂಕೇತ ಅಳೆದರು. ನಿಜವಾದ ಜಾಣ್ಮೆ ಇರುವುದು ಸ್ಟ್ರಾದ ಮೇಲ್ಭಾಗದಲ್ಲಿ. ಅಲ್ಲಿ ಹೋಲಿಕೆಗೆಂದು ಇನ್ನೊಂದು ಕಾಂತೀಯ ತುಣುಕು, ಅದಕ್ಕೆ ಬೇರೆಯೇ ಸುರುಳಿ. ಸ್ಪೀಕರ್ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ ಅದುರಿದರೂ ಎರಡೂ ತುಣುಕುಗಳು ಒಟ್ಟಿಗೇ ಕುಣಿಯುತ್ತವೆ. ಎರಡು ಸಂಕೇತಗಳನ್ನು ಹೋಲಿಸಿದರೆ ಸಾಕು, ಕುಣಿತದ ಏರುಪೇರು ಲೆಕ್ಕದಿಂದ ಬಿದ್ದುಹೋಗುತ್ತದೆ.

ಇಂಥ ಉಪಕರಣ ಕಟ್ಟುವವರ ದೊಡ್ಡ ಶತ್ರು ಕೊಳೆ. ನೀರನ್ನು ಅಯಸ್ಕಾಂತ ತೀರಾ ದುರ್ಬಲವಾಗಿ ದೂರ ತಳ್ಳುತ್ತದೆ. ಒಂದು ಟೆಸ್ಲಾ ಕಾಂತಕ್ಷೇತ್ರದಲ್ಲಿ 10 ಮಿಲಿಗ್ರಾಂ ನೀರನ್ನು ಅಳೆಯುತ್ತಿದ್ದೇವೆ ಎನ್ನಿ. ಉಕ್ಕಿನ ಚಿಮಟದಿಂದ ಉದುರಿದ, ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಕಬ್ಬಿಣದ ಪುಡಿ ಅಂಟಿಕೊಂಡರೂ ಅದು ನೀರಿಗಿಂತ ಸುಮಾರು ಮೂರು ಪಟ್ಟು ದೊಡ್ಡ ಸಂಕೇತ ಕೊಡುತ್ತದೆ, ಅದೂ ವಿರುದ್ಧ ದಿಕ್ಕಿನಲ್ಲಿ! ಪ್ಲಾಸ್ಟಿಕ್ ಚಿಮಟವನ್ನೇ ಹಿಡಿಯಿರಿ ಎಂದು ಮೇಷ್ಟ್ರುಗಳು ಗದರುವುದು ಇದಕ್ಕೇ.

ಕಾಂತತ್ವದ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆಯೊಂದಿದೆ: ಉತ್ತರಕ್ಕೆ ತಲೆ ಹಾಕಿ ಮಲಗಿದರೆ ರಕ್ತದ ಕಬ್ಬಿಣವನ್ನು ಭೂಮಿ ಮಿದುಳಿನ ಕಡೆಗೆ ಎಳೆಯುತ್ತದಂತೆ, ಹೌದೇ? ಅಲ್ಲ. ಇದನ್ನು ಅಳೆದು ನೋಡಿದವರಿದ್ದಾರೆ. 1936ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್, ಕಾಂತದ ಸೆಳೆತವನ್ನು ತೂಕದಲ್ಲಿ ಹಿಡಿಯುವ ತಕ್ಕಡಿಯಿಂದ ರಕ್ತವನ್ನು ಪರೀಕ್ಷಿಸಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತಕ್ಕೆ ಒಲಿಯುವುದಿಲ್ಲ, ಅತ್ಯಲ್ಪವಾಗಿ ದೂರ ಸರಿಯುತ್ತದೆ. ಆಮ್ಲಜನಕ ಕಳೆದುಕೊಂಡದ್ದು ಮಾತ್ರ ದುರ್ಬಲವಾಗಿ ಸೆಳೆಯಲ್ಪಡುತ್ತದೆ. ಕಬ್ಬಿಣದ ಮೊಳೆಯ ಗುಣ ಎರಡರಲ್ಲೂ ಇಲ್ಲ. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ; ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದ್ದು ಅದರ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಮಲಗಿ ಬಂದವರ ರಕ್ತ ತಲೆಗೇರಿಲ್ಲ. ಹಾಸಿಗೆಯ ದಿಕ್ಕಿಗೆ ವಿಜ್ಞಾನದ ಹೆಸರು ಹಚ್ಚಿ ಜನರನ್ನು ಹೆದರಿಸುವುದು ನಿಲ್ಲಬೇಕು.

ಮತ್ತೆ ಫೋನರ್ ಉಪಕರಣಕ್ಕೆ ಬರೋಣ. ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳು ಅಂಥ ಮಾಪಕವನ್ನು ವಿದ್ಯಾರ್ಥಿಗಳಿಂದಲೇ ಕಟ್ಟಿಸಲಿ. ವಿದ್ಯುತ್ಕಾಂತ ಮತ್ತು ಲಾಕ್-ಇನ್ ಆಂಪ್ಲಿಫೈಯರ್ (ಗದ್ದಲದ ನಡುವಿನ ದುರ್ಬಲ ಸಂಕೇತವನ್ನು ಹೆಕ್ಕುವ ಸಾಧನ) ಇರುವ ಕಡೆ ಉಳಿದದ್ದು ತಾಮ್ರದ ತಂತಿ ಸುತ್ತುವ ತಾಳ್ಮೆಯ ಕೆಲಸ. ಮೊದಲು ಶುದ್ಧ ನಿಕ್ಕಲ್‌ನ ಚೂರು ಇಟ್ಟು ನೋಡಿ. ಪೂರ್ತಿ ಕಾಂತಗೊಂಡ ನಿಕ್ಕಲ್, ಕೊಠಡಿಯ ಉಷ್ಣತೆಯಲ್ಲಿ ಗ್ರಾಂಗೆ ಸುಮಾರು 55 ಇಎಂಯು (ಕಾಂತತ್ವವನ್ನು ಅಳೆಯುವ ಮಾನ) ತೋರಿಸಬೇಕು. ಆ ಅಂಕಿಗೆ ಮಾಪಕವನ್ನು ಹೊಂದಿಸಿಕೊಂಡ ಮೇಲೆಯೇ ಬೇರೆ ವಸ್ತುಗಳ ಸರದಿ.